ಸೋಸಿದ ಎಂಜಲು

ಬೆಳಕು ಅಳೆಯುವ ಯಂತ್ರ ಒಂದೊಂದು ಗುಂಡಿಯ ಮೇಲೂ ನಿಂತು, ಯೋಚಿಸಿದಂತೆ ಮಾಡಿ, ಆಮೇಲೆ ಸಂಖ್ಯೆಯೊಂದನ್ನು ಪರದೆಯ ಮೇಲೆ ಹಾಕುತ್ತಿತ್ತು. ತೊಂಬತ್ತಾರು ಗುಂಡಿಗಳ ಪ್ಲಾಸ್ಟಿಕ್ ತಟ್ಟೆ. ಅದಕ್ಕೇನು ಅವಸರ, ಮದುವೆಯೇ ಮುಂಜಿಯೇ. ಸಹನಾಳಿಗೆ ಕುರ್ಚಿಯಿದ್ದರೂ ಕೂರಲಾಗಲಿಲ್ಲ. ಒಂದು ಚಪ್ಪಲಿ ಕಳಚಿ ಮತ್ತೆ ಮೆಟ್ಟಿ, ಮತ್ತೆ ಕಳಚಿ, ಕಿಟಕಿಯಾಚೆ ಸಿಂಹಾಚಲಂ ಬೆಟ್ಟವನ್ನು ನೋಡಿದಂತೆ ಮಾಡಿ, ಏನನ್ನೂ ನೋಡದೆ ಪರದೆಗೇ ಹಿಂದಿರುಗಿದಳು. ಇನ್ನೂರ ಹನ್ನೆರಡು. ಇನ್ನೂರ ಆರು. ಇನ್ನೂರ ಹತ್ತೊಂಬತ್ತು. ತಾಜಾ ಮೀಡಿಯಂ, ಅಂದರೆ ಕೋಶಗಳಿಗೆ ಹಾಕುವ ಆಹಾರದ ದ್ರವ, ಕುಡಿದ ಲಿವರ್ ಕೋಶಗಳು ಬಾಯಿ ಬಿಗಿದುಕೊಂಡು ಕೂತಿದ್ದವು. ಸರಿ, ಅಷ್ಟು ಅವಳಿಗೆ ಗೊತ್ತಿತ್ತು. ಯಂತ್ರದ ತೋಳು ಮುಂದಿನ ಸಾಲಿಗೆ, ಎಂಜಲು ಕುಡಿದ ಲಿವರ್ ಕೋಶಗಳ ಸಾಲಿಗೆ, ಸರಿಯಿತು. ಹದಿನೆಂಟು ಸಾವಿರದ ಮುನ್ನೂರು. ಅವಳು ಉಸಿರು ಬಿಟ್ಟಳು. ಹದಿನೇಳು ಸಾವಿರದ ಒಂಬೈನೂರು. ಹತ್ತೊಂಬತ್ತು ಸಾವಿರ. ಹತ್ತು ದಿನದಲ್ಲಿ ಇದು ಮೂರನೆಯ ಸಲ, ಮೂರು ಸಲವೂ ಹೀಗೇ. ಖಾಲಿ ಕೋಣೆಯಲ್ಲಿ ಸಹನಾ ಎರಡು ಕೈಯನ್ನೂ ಮೇಲಕ್ಕೆತ್ತಿ, “ಅಯ್ಯಯ್ಯೋ!” ಎಂದು ಕೂಗಿದಳು. ಮೂವತ್ತೊಂದು ವರ್ಷದವಳು, ಆರನೆಯ ವರ್ಷದ ಸಂಶೋಧನಾ ವಿದ್ಯಾರ್ಥಿನಿ, ಲ್ಯಾಬಿನಲ್ಲಿ ಎಲ್ಲರಿಗಿಂತ ಹಿರಿಯಳು, ಹಾಗೆ ಕೂಗಬಾರದಿತ್ತು. ಕೂಗಿದಳು.

ಒಂದೇ ಮೈಯ ಎಲ್ಲ ಕೋಶಗಳಲ್ಲೂ ಇರುವುದು ಅದೇ ಜೀನುಗಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಿದ್ದೂ ರೋಗಾಣುವನ್ನು ಕಂಡರೆ ಊರೆಲ್ಲ ಎಬ್ಬಿಸುವ ಈ ಒಂದು ಜೀನು ರಕ್ತದ ಕಾವಲು ಕೋಶದಲ್ಲಿ ಗಂಟಲು ಹರಿಯುವಂತೆ ಕೂಗುತ್ತದೆ, ಲಿವರ್ ಕೋಶದಲ್ಲಿ ತುಟಿ ಬಿಚ್ಚುವುದಿಲ್ಲ. ಯಾಕೆ? ಪ್ರತಿ ಜೀನಿನ ಮುಂದೆಯೂ ಪ್ರಮೋಟರ್ ಎಂಬ ಒಂದು ತುಣುಕಿರುತ್ತದೆ. ಜೀನು ಮಾತಾಡಬೇಕೇ, ಎಷ್ಟು ಜೋರಾಗಿ ಎಂಬುದೆಲ್ಲ ಅಲ್ಲಿ ಯಾವ ಪ್ರೋಟೀನು ಬಂದು ಕೂರುತ್ತದೆ ಎಂಬುದರ ಮೇಲೆ. ಆ ತುಣುಕನ್ನು ಕತ್ತರಿಸಿ, ಮಿಂಚುಹುಳದ ಬೆಳಕಿನ ಜೀನಿಗೆ ಅಂಟಿಸಿ, ಕೋಶದೊಳಗೆ ಬಿಟ್ಟರೆ ಆಯಿತು. ಪ್ರಮೋಟರ್ ಎದ್ದರೆ ಬೆಳಕು, ಮಲಗಿದರೆ ಕತ್ತಲು. ಇಡೀ ಪ್ರಮೋಟರಿಗೆ ಅವರ ಲ್ಯಾಬಿನಲ್ಲಿ ಉದ್ದದ್ದು ಎಂದು ಹೆಸರು. ತಲೆಯ ಕಡೆಯ ಮುನ್ನೂರು ಅಕ್ಷರ ಕತ್ತರಿಸಿದ್ದು ಮೊಂಡು. ಕಾವಲು ಕೋಶದಲ್ಲಿ ಉದ್ದದ್ದು ಜಗಮಗ, ಮೊಂಡು ಮಂಕು. ಆದ್ದರಿಂದ ಆ ಮುನ್ನೂರು ಅಕ್ಷರಗಳು ‘ಕೂಗು’ ಎನ್ನುತ್ತವೆ. ಇದನ್ನು ಕಂಡುಹಿಡಿದವಳು ಸಹನಾ, ಅದು ಅವಳ ಪ್ರಬಂಧದ ಮೊದಲ ಅಧ್ಯಾಯ. ಲಿವರ್ ಕೋಶದಲ್ಲಿ ಅದೇ ಅಕ್ಷರಗಳು ‘ಸುಮ್ಮನಿರು’ ಎನ್ನುತ್ತವೆ, ಅಲ್ಲಿ ಉದ್ದದ್ದು ಮಂಕು, ಮೊಂಡೇ ಬೆಳಗುತ್ತದೆ ಎಂದು ಕಂಡುಹಿಡಿದವಳು ಸಾಯಿಪ್ರಿಯಾ. ಅವಳು ಈಗ ಲ್ಯಾಬಿನಲ್ಲಿಲ್ಲ. ಟ್ಯೂಬುಗಳನ್ನು ಅದಲು ಬದಲು ಮಾಡಿದ್ದಾಳೆ ಎಂದು ಸಹನಾ ಹೇಳಿದ್ದಳು, ಎರಡು ವರ್ಷದ ಹಿಂದೆ ಒಂದು ಶುಕ್ರವಾರದ ಸಭೆಯಲ್ಲಿ, ಎಂಟು ಜನರ ಮುಂದೆ. ಸಾಯಿಪ್ರಿಯಾಳ ಅಪ್ಪ ವಿಜಯವಾಡದವರು, ಅಮ್ಮ ಬಳ್ಳಾರಿಯವರು. ಲ್ಯಾಬಿನಲ್ಲಿ ಸಹನಾಳ ಜೊತೆ ಮಾತ್ರ ಅವಳು ಕನ್ನಡ ಆಡುತ್ತಿದ್ದಳು. ಆವತ್ತು ಮೇಜಿನತ್ತ ಬಗ್ಗಿ, “ಅಕ್ಕಾ, ನಾ ಅದಲು ಬದಲು ಮಾಡಿಲ್ರೀ” ಎಂದು ಪಿಸುಗುಟ್ಟಿದಳು. ಸಹನಾ ತಲೆಯೆತ್ತದೆ, ಇಂಗ್ಲಿಷಿನಲ್ಲಿ, ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಹೇಳು ಎಂದಳು. ಸಾಯಿಪ್ರಿಯಾ ಮತ್ತೆ ಯಾವ ಭಾಷೆಯಲ್ಲೂ ಹೇಳಲಿಲ್ಲ. ಸಹನಾ ತಾನೇ ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿದಳು. ಲಿವರ್ ಕೋಶದಲ್ಲೂ ಉದ್ದದ್ದೇ ಬೆಳಗಿತು. ಸಾಯಿಪ್ರಿಯಾಳ ನೋಟ್‌ಬುಕ್ಕಿನ ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು ಸಹಿ ಹಾಕಿದವಳೂ ಅವಳೇ. ಆ ವರ್ಷ ಸಾಯಿಪ್ರಿಯಾಳ ಫೆಲೋಶಿಪ್ ಮುಂದುವರಿಯಲಿಲ್ಲ.

ಯಂತ್ರ ಕೊನೆಯ ಸಾಲಿಗೆ ಬಂದಿತ್ತು. ಸಹನಾಳಿಗೆ ನಗು ಬರುತ್ತಿತ್ತು, ಹೊಟ್ಟೆಯೊಳಗಿಂದ, ತಡೆಯಲಾರದ ನಗು. ಅದರ ಬೆನ್ನಿಗೇ ಮುಖ ಬಿಸಿಯಾಗುತ್ತಿತ್ತು. ಎಲ್ಲ ಆ ಎಂಜಲಿನ ಮಹಿಮೆ. ಮೂರು ವರ್ಷದ ಹಿಂದೆ ಮೀಡಿಯಂ ಬಂದರಿನಲ್ಲಿ ಸಿಕ್ಕಿಹಾಕಿಕೊಂಡು ಆರು ವಾರ ಬಾರದೇ ಹೋದಾಗ ಅವಳು ಕಾವಲು ಕೋಶಗಳು ಕುಡಿದು ಬಿಟ್ಟ ಗುಲಾಬಿ ಬಣ್ಣದ ದ್ರವವನ್ನು ಚೆಲ್ಲದೆ, ಸಣ್ಣ ಫಿಲ್ಟರಿನಲ್ಲಿ ಸೋಸಿ, ಹೊಸದರ ಜೊತೆ ಅರ್ಧಕ್ಕರ್ಧ ಬೆರೆಸಿ ಲಿವರ್ ಕೋಶಗಳಿಗೆ ಹಾಕಿದ್ದಳು. ಅವು ಕೊಬ್ಬಿ ಬೆಳೆದವು. ಮೀಡಿಯಂ ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ಅವಳ ಅಮ್ಮ ದಾಕ್ಷಾಯಣಿಯ ಮನೆಯಲ್ಲಿ ಅನ್ನದ ಅಗುಳು ಚೆಲ್ಲಿದರೆ ಕಣ್ಣಿಗೊತ್ತಿಕೊಂಡು ಹೆಕ್ಕಬೇಕು. ನಿನ್ನೆಯ ಸಾರಿಗೆ ಇವತ್ತಿನ ಬೇಳೆ ಸೇರಿಸಿದ್ದನ್ನು ಯಾರಾದರೂ ಪುಸ್ತಕದಲ್ಲಿ ಬರೆದಿಡುತ್ತಾರೆಯೇ? ಸಹನಾಳೂ ಬರೆಯಲಿಲ್ಲ. ಸಾಯಿಪ್ರಿಯಾ ಬಂದು ಹೊಸ ಬಾಟಲಿ ಒಡೆದಾಗ, ಚೆಲ್ಲಾಡಬೇಡ ಎಂದು ಗದರಿದ್ದಳು ಕೂಡ. ಹತ್ತು ದಿನದ ಹಿಂದೆ ಸೋಸಿಟ್ಟ ಬಾಟಲಿಗೆ ಬೂಸು ಬಂದು, ವಿಧಿಯಿಲ್ಲದೆ ಬರೀ ತಾಜಾ ಮೀಡಿಯಂ ಹಾಕಿದಾಗ ಅವಳ ಲಿವರ್ ಕೋಶಗಳಲ್ಲಿ ಉದ್ದದ್ದು ಮಂಕಾಯಿತು, ಮೊಂಡು ಬೆಳಗಿತು. ಮೊದಲು ಹೊಳೆದದ್ದು, ಟ್ಯೂಬು ಅದಲು ಬದಲು ಮಾಡಿಬಿಟ್ಟೆನೇ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವಳು ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಳು. ಆಮೇಲೆ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದಾಗ, ತಂಪು ಮುಖಕ್ಕೆ ಬಡಿಯುತ್ತಿದ್ದಾಗ, ಒಮ್ಮೆಗೇ ಗೊತ್ತಾಯಿತು. ಸಾಯಿಪ್ರಿಯಾ ಕಂಡದ್ದು ನಿಜ. ತಾನು ಕಂಡದ್ದೂ ನಿಜ. ಲಿವರ್ ಕೋಶ ತಾನಾಗಿ ಸುಮ್ಮನಿರುತ್ತದೆ; ಕಾವಲು ಕೋಶ ಉಗುಳಿದ್ದು ಅದರ ಬಾಯಿಗೆ ಬಿದ್ದರೆ ಅದೇ ಮುನ್ನೂರು ಅಕ್ಷರಗಳು ಮಾತು ಬದಲಿಸುತ್ತವೆ. ಮೌನ ಅದರ ಹುಟ್ಟುಗುಣವಲ್ಲ. ನೆರೆಯವರು ಏನು ಹೇಳುತ್ತಾರೆ ಎಂದು ಅದು ಕಾಯುತ್ತಿರುತ್ತದೆ.

ಇದು ಅವಳು ಆರು ವರ್ಷದಲ್ಲಿ ಕಂಡ ಅತ್ಯಂತ ಚೆಂದದ ಸಂಗತಿ. ಇದರಿಂದಲೇ ಅವಳ ಎರಡನೆಯ ಅಧ್ಯಾಯ ನೆಲ ಕಚ್ಚುತ್ತದೆ, ಅದರ ತುಂಬ ಇರುವುದು ಎಂಜಲು ಕುಡಿದ ಲಿವರ್ ಕೋಶಗಳೇ, ಮತ್ತು ಆ ಪ್ರಬಂಧವನ್ನು ಅವಳು ಹೋದ ತಿಂಗಳು ಸಲ್ಲಿಸಿಯಾಗಿದೆ.

ಹತ್ತು ಗಂಟೆಗೆ ಗೈಡ್ ಜಗನ್ಮೋಹನ್ ಸರ್ ಕಾರಿಡಾರಿನಲ್ಲಿ ಸಿಕ್ಕರು. ಅವಳು ಸಂಖ್ಯೆಗಳ ಹಾಳೆಯನ್ನು ಅವರ ಕೈಗಿಟ್ಟಳು. ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು ನೋಡಿದರು. “ಏಂಟಿದಿ ಸಹನಾ, ಏನಿದು! ಕಾವಲು ಕೋಶದ ಮೀಡಿಯಂನ ಲಿವರ್ ಮೇಲೆ ಹಾಕಿ ನೋಡೋ ಐಡಿಯಾ ಎಲ್ಲಿಂದ ಬಂತು ನಿನಗೆ? ಬೇಕಂತಲೇ ಮಾಡಿದೆಯಾ?” ಹೌದು ಸರ್ ಎಂದಳು. ನಾಲಗೆ ಎಷ್ಟು ಸಲೀಸಾಗಿ ಹೊರಳಿತೆಂದರೆ ಅವಳಿಗೇ ಆಶ್ಚರ್ಯವಾಯಿತು. ಅವರು ಬೆನ್ನು ತಟ್ಟಿದರು. ಆರು ವರ್ಷದಲ್ಲಿ ಮೊದಲ ಸಲ. ನಾಳೆ ಬೆಳಿಗ್ಗೆ ಸಮ್ಮೇಳನಕ್ಕೆ ಸಾರಾಂಶ ಕಳಿಸುತ್ತೇನೆ, ಇವತ್ತು ರಾತ್ರಿಯೊಳಗೆ ಲೇಖಕರ ಹೆಸರುಗಳ ಪಟ್ಟಿ ಕೊಡು, ನಿನ್ನದು ಮೊದಲು ಎಂದರು. “ಸಾಯಿಪ್ರಿಯಾ ಸರ್?” ಎಂದಳು ಅವಳು, ತೀರ ಸಣ್ಣ ದನಿಯಲ್ಲಿ. “ಆ ಅಮ್ಮಾಯಿ ಡೇಟಾ ಮೇಲೆ ಕೆಂಪು ಗೆರೆ ಇದೆಯಲ್ಲಮ್ಮಾ. ನೀನೇ ತಾನೆ ಎಳೆದದ್ದು? ಬೇಕಾದರೆ ಕೊನೆಗೆ ಥ್ಯಾಂಕ್ಸ್ ಹೇಳೋಣ.” ಅವರು ಹೋದ ಮೇಲೂ ಬೆನ್ನ ಮೇಲೆ ತಟ್ಟಿದ ಜಾಗ ಬೆಚ್ಚಗಿತ್ತು, ಅದು ಹಿತವಾಗಿತ್ತು, ಹಿತವಾಗಿದೆಯಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಆದರೂ ಸಂತೋಷ ಹೋಗಲೊಲ್ಲದು. ಕ್ಯಾಂಟೀನಿನಲ್ಲಿ ಹೆಸರುಕಾಳಿನ ಪೆಸರಟ್ಟು ಮುಂದಿಟ್ಟುಕೊಂಡು ಕೂತಳು, ಅರ್ಧಕ್ಕೇ ಬಿಟ್ಟೆದ್ದಳು. ಯಾರಿಗಾದರೂ ಹೇಳಬೇಕು, ಕೂತಲ್ಲಿ ಕೂರಲಾರದೆ ಹೇಳಬೇಕು, ಎದುರಿನವಳು ಮಧ್ಯದಲ್ಲೇ ಹಾಳೆ ಕಿತ್ತುಕೊಂಡು ಆಮೇಲೆ, ಆಮೇಲೆ ಎನ್ನಬೇಕು. ಅಂಥವಳು ಒಬ್ಬಳೇ. ಹನ್ನೆರಡೂವರೆಯ ವಿಜಯವಾಡದ ರೈಲಿಗೆ ಅವಳು ಹೋಗಿ ಹತ್ತಿದ್ದು ಪ್ರಾಯಶ್ಚಿತ್ತಕ್ಕೇನಲ್ಲ, ಆ ಮಟ್ಟಿಗೆ ಅವಳನ್ನು ಹೊಗಳುವುದು ಬೇಡ.

ಅನಕಾಪಲ್ಲಿ ದಾಟುವಾಗ ಅಪ್ಪನ ಫೋನು ಬಂತು. ಜಯರಾಮ ಭದ್ರಾವತಿಯ ಕಾರ್ಖಾನೆ ಬಿಟ್ಟು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಬಂದು ಮೂವತ್ತೈದು ವರ್ಷವಾಗಿದ್ದರೂ ಫೋನೆತ್ತಿದೊಡನೆ ಕೇಳುವುದು ಅದೊಂದೇ.

“ಊಟ ಆಯ್ತೇನೇ?”

“ಆಯ್ತಪ್ಪ. ಅಪ್ಪ, ಬಂತು! ಮೂರನೇ ಸಲನೂ ಹಾಗೇ ಬಂತು!”

ಗಾಳಿಯ ಸದ್ದಿನ ನಡುವೆ ಅವಳು ಎಲ್ಲವನ್ನೂ ಹೇಳಿದಳು, ಪ್ರಮೋಟರ್, ಮುನ್ನೂರು ಅಕ್ಷರ, ಎಂಜಲು. ಎದುರಿನ ಸೀಟಿನ ಹೆಂಗಸು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ, ಒಂದಕ್ಷರ ತಿಳಿಯದಿದ್ದರೂ ಅವಳ ಮುಖ ನೋಡಿ ತಾನೂ ನಗತೊಡಗಿದಳು. ಅಪ್ಪ ತಾಳ್ಮೆಯಿಂದ ಕೇಳಿದರು. ಕುಲುಮೆಯ ಮುಂದೆ ನಿಂತು ಬದುಕು ಕಳೆದವರು, ಅಳತೆ ತಪ್ಪಿದರೆ ಏನಾಗುತ್ತದೆ ಎಂದು ಬಲ್ಲವರು.

“ಹಾಗಾದ್ರೆ ಆ ಹುಡುಗಿ ಹೇಳಿದ್ದು ಸರಿ ಅಂತಾಯ್ತು?” ಎಂದರು.

“ಹ್ಞೂಂ.”

“ಅವತ್ತು ನೀನು ಮನೆಗೆ ಬಂದು ಹೇಳಿದ್ಯಲ್ಲ, ಎಲ್ಲರ ಮುಂದೆ ಅವಳ ನೀರಿಳಿಸಿದೆ ಅಂತ. ನಗ್ತಾ ಹೇಳಿದ್ದೆ.”

“ಅಪ್ಪ, ಟನಲ್ ಬರ್ತಿದೆ” ಎಂದು ಫೋನಿಟ್ಟಳು. ಆ ದಾರಿಯಲ್ಲಿ ಟನಲ್ ಇಲ್ಲ. ಅದು ಅಪ್ಪನಿಗೂ ಗೊತ್ತು. ನಗುತ್ತಾ ಹೇಳಿದ್ದೆನೇ? ಹೇಳಿದ್ದಳು. ಹಪ್ಪಳ ಮುರಿಯುತ್ತ ಹೇಳಿದ್ದಳು. ಸಾಯಿಪ್ರಿಯಾಳ ಕೈಚಳಕ ಲ್ಯಾಬಿನಲ್ಲಿ ಹೆಸರಾಗತೊಡಗಿತ್ತು, ಬಂದು ಎಂಟು ತಿಂಗಳಾಗಿರಲಿಲ್ಲ, ಸರ್ ಎರಡು ಸಲ ಅವಳನ್ನು ಹೊಗಳಿದ್ದರು, ಅದು ತನಗೆ ಮುಳ್ಳಾಗಿತ್ತು ಎಂದು ಈಗ, ತುನಿ ಸ್ಟೇಷನ್ನಿನಲ್ಲಿ ಸಮೋಸದವನು ಕಿಟಕಿಗೆ ಬಾಯಿ ಹಾಕಿ ಕೂಗುತ್ತಿರುವಾಗ, ಅವಳು ತನಗೆ ತಾನೇ ಒಪ್ಪಿಕೊಂಡಳು. ಟ್ಯೂಬು ಅದಲು ಬದಲಾಗಿದೆ ಎಂದು ನಂಬಲು ಅವಳಿಗೆ ಆಸೆಯಿತ್ತು. ನಂಬಿಕೆ ಹಾಗೆ ಬಂದದ್ದು. ಆಸೆ ಮೊದಲು, ಪುರಾವೆ ಆಮೇಲೆ. ಫೋನು ತೆಗೆದು ಸಾಯಿಪ್ರಿಯಾಳಿಗೆ, ಸಂಜೆ ವಿಜಯವಾಡಕ್ಕೆ ಬರ್ತಿದ್ದೀನಿ, ಐದು ನಿಮಿಷ ಸಿಗು, ಎಂದು ಬರೆದು ಕಳಿಸಿದಳು. ಎರಡು ನೀಲಿ ಗೀಟು ಬಿದ್ದವು. ಒಂದು ಗಂಟೆ ಏನೂ ಇಲ್ಲ. ಗೋದಾವರಿಯ ಸೇತುವೆಯ ಮೇಲೆ ರೈಲು ಗಡಗಡಿಸುವಾಗ ಎಲ್ಲರೂ ನೀರಿಗೆ ನಾಣ್ಯ ಎಸೆದು ಕೈಮುಗಿದರು. ಆಗ ಉತ್ತರ ಬಂತು. ಮಾತಿಲ್ಲ, ಪಟಮಟ ಬಡಾವಣೆಯ ಒಂದು ಕೋಚಿಂಗ್ ಸೆಂಟರಿನ ನಕ್ಷೆ ಮಾತ್ರ. ಸಹನಾ ಅದನ್ನು ಇಪ್ಪತ್ತು ಸಲ ನೋಡಿದಳು. ನೋಡಿ ನೋಡಿ, ಭಯವಾಗಬೇಕಾದಲ್ಲಿ ಮತ್ತೆ ಆ ಹದಿನೆಂಟು ಸಾವಿರದ ಮುನ್ನೂರೇ ಕಣ್ಣಿಗೆ ಬಂದು, ಕಾಲು ತಾನಾಗಿ ಕುಣಿಯತೊಡಗಿತು. ಛೀ, ನನಗೇನಾಗಿದೆ ಎಂದುಕೊಂಡಳು. ಏಲೂರು ಬಂತು. ಕಾಲು ನಿಲ್ಲಲಿಲ್ಲ.

ಪಟಮಟದಲ್ಲಿ ಆಟೋ ಇಳಿದಾಗ ಏಳು ಗಂಟೆ. ಮಹಡಿಯ ಮೇಲಿನ ಕ್ಲಾಸು ಬಿಟ್ಟು, ಮೆಡಿಕಲ್ ಸೀಟಿಗೆ ಓದುವ ಹುಡುಗಿಯರು ಬ್ಯಾಗು ತಬ್ಬಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಕೊನೆಗೆ ಸಾಯಿಪ್ರಿಯಾ ಬಂದಳು. ತೆಳ್ಳಗಾಗಿದ್ದಳು, ಸೀರೆಯುಟ್ಟಿದ್ದಳು, ಬೆರಳಲ್ಲಿ ಮಾರ್ಕರಿನ ನೀಲಿ. ರಸ್ತೆಯ ಮೇಲೆ ಸಿಟಿ ಬಸ್ಸು ನಿಂತು ಹೊರಟಿತು. ಕ್ಷಮಿಸು ಎಂದು ಶುರು ಮಾಡಬೇಕೆಂದು ಸಹನಾ ರೈಲಿನಲ್ಲಿ ನೂರು ಸಲ ಉರು ಹೊಡೆದಿದ್ದಳು. ಬಾಯಿ ಬಿಟ್ಟರೆ ಬಂದದ್ದು ಬೇರೆ.

“ಎಂಜಲು ಕಣೇ! ನಾನು ಲಿವರ್‌ಗೆ ಎಂಜಲು ಹಾಕ್ತಿದ್ದೆ. ಕಾವಲು ಕೋಶದ ಮೀಡಿಯಂ ಸೋಸಿ. ನೀನು ತಾಜಾ ಹಾಕ್ತಿದ್ದೆ. ನಿಂದೂ ಸರಿ, ನಂದೂ ಸರಿ. ನೋಡು, ನೋಡು ಇಲ್ಲಿ.”

ಸಾಯಿಪ್ರಿಯಾ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. ಮೆಟ್ಟಿಲ ಪಕ್ಕದ ಕಟ್ಟೆಗೆ ಒರಗಿ ನಿಂತು ಅವಳನ್ನೇ ನೋಡಿದಳು.

“ನಿಮಗ ಖುಷಿ ಆಗೇತಿ ಅಂತ ಬಂದೀರಿ ಅಕ್ಕಾ. ತಪ್ಪಾತು ಅಂತ ಬಂದಿಲ್ಲ.”

ಸಹನಾಳ ಕೈ ಹಾಳೆಯ ಸಮೇತ ಗಾಳಿಯಲ್ಲೇ ಉಳಿಯಿತು. ಅಲ್ಲ ಎನ್ನಬಹುದಿತ್ತು. ಬೆಳಿಗ್ಗೆ ಹೌದು ಎಂದಷ್ಟೇ ಸಲೀಸಾಗಿ ಈಗ ಅಲ್ಲ ಎನ್ನಬಹುದಿತ್ತು.

“ಹೌದು” ಎಂದಳು. “ಮೊದ್ಲು ಬಂದಿದ್ದು ಖುಷಿನೇ. ನಾಚಿಕೆ ರೈಲಲ್ಲಿ ಬಂತು. ಬೇರೆ ಯಾರಿಗೆ ಹೇಳಿದ್ರೂ ಅರ್ಧ ಹೇಳಿದ ಹಾಗೆ ಆಗ್ತಿತ್ತು, ಅದಕ್ಕೆ ನಿನ್ ಹತ್ರ ಓಡಿ ಬಂದೆ. ಅವತ್ತು ನಿನ್ನನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚಿತ್ತು ಸಾಯಿಪ್ರಿಯಾ. ನೀನು ತಪ್ಪು ಮಾಡಿರ್ಬೇಕು ಅಂತ ನನಗೆ ಬೇಕಾಗಿತ್ತು.”

ಇಬ್ಬರು ಹುಡುಗಿಯರು, “ಗುಡ್ ನೈಟ್ ಮೇಡಂ” ಎಂದು ದಾಟಿ ಹೋದರು. ಸಾಯಿಪ್ರಿಯಾ ಅವರಿಗೆ ತಲೆಯಾಡಿಸಿ, ಸಹನಾಳತ್ತ ತಿರುಗಿದಳು. “ಆ ವಾರ ನಾ ದಿನಾ ನನ್ನ ಕೈ ನೋಡ್ಕೋತಿದ್ದೆ ಅಕ್ಕಾ” ಎಂದಳು. “ಖರೇನೇ ಅದಲು ಬದಲು ಮಾಡೀನೇನೋ ಅಂತ. ಈಗ್ಲೂ ಇಲ್ಲಿ ಬೋರ್ಡ್ ಮ್ಯಾಲೆ ಬರದು ಎರಡೆರಡು ಸಲ ನೋಡ್ತೀನಿ.” ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸಹನಾ ತಂದದ್ದು ಆನೆಯೂ ಅಲ್ಲ, ಒಂದು ಹಾಳೆ. ಆ ಹಾಳೆಯನ್ನು ಸಾಯಿಪ್ರಿಯಾ ಆಗ ಕಿತ್ತುಕೊಂಡಳು. ಕಿತ್ತುಕೊಂಡು ಬೀದಿದೀಪದ ಕೆಳಗೆ ಹೋಗಿ ನಿಂತಳು. ಸಹನಾ ಅವಳ ಮುಖವನ್ನು ನೋಡುತ್ತಿದ್ದಳು. ಸಿಟ್ಟು ಅಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ, ಆದರೆ ಕಣ್ಣು ಸಾಲಿಂದ ಸಾಲಿಗೆ ಓಡುವ ರೀತಿ ಬದಲಾಗುತ್ತಿತ್ತು.

“ಅಕ್ಕಾ, ಮೊಂಡು ನೋಡಿದ್ರೇನು?”

“ಉದ್ದದ್ದು ನೋಡು, ಇನ್ನೂರರಿಂದ ಹದಿನೆಂಟು ಸಾವಿರಕ್ಕೆ...”

“ಉದ್ದದ್ದು ಬಿಡ್ರಿ. ಮೊಂಡು ತಾಜಾದಾಗ ಮೂರು ಸಾವಿರದ ಒಂಬೈನೂರು. ಎಂಜಲಿನ್ಯಾಗ ನಾಕು ಸಾವಿರದ ನೂರು. ಅಲ್ಲಾಡಿಲ್ಲ ಅದು! ಎಂಜಲು ಎಷ್ಟು ಸುರುವಿದರೂ ಮೊಂಡಿಗೆ ಏನೂ ತಾಗಂಗಿಲ್ಲ. ಅಂದ್ರ ಆ ಎಂಜಲಿನ್ಯಾಗ ಏನೈತೋ ಅದರ ಮಾತು ಬಂದು ಮುಟ್ಟೋದು ಆ ಮುನ್ನೂರು ಅಕ್ಷರಕ್ಕೇ. ಸುಮ್ಮನಿರಿಸೋ ಪ್ರೋಟೀನನ್ನ ಎಬ್ಬಿಸಿ ಅದೇ ಜಾಗಕ್ಕ ಇನ್ನೊಂದು ಬಂದು ಕೂಡ್ತೈತಿ. ಬ್ಯಾರೆ ಎಲ್ಲೂ ಹುಡುಕೋದು ಬ್ಯಾಡ, ಅಲ್ಲೇ ಹಿಡೀಬಹುದು ಅದನ್ನ!”

ಸಹನಾಳ ಮೈಮೇಲಿನ ರೋಮಗಳೆಲ್ಲ ನಿಂತವು. ಹತ್ತು ದಿನದಿಂದ ಆ ಸಂಖ್ಯೆ ಅವಳ ಕಣ್ಣ ಮುಂದಿತ್ತು. ದೊಡ್ಡದನ್ನು ನೋಡುವ ಉಮೇದಿನಲ್ಲಿ ಅಲ್ಲಾಡದೆ ಕೂತದ್ದನ್ನು ಅವಳು ನೋಡಿಯೇ ಇರಲಿಲ್ಲ. “ಅಯ್ಯೋ ಹೌದಲ್ಲೇ!” ಎಂದಳು, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ. ಸಾಯಿಪ್ರಿಯಾ ಕೂಡ ಒಂದು ಗಳಿಗೆ ನಕ್ಕುಬಿಟ್ಟಳು, ನಕ್ಕದ್ದು ತಿಳಿದೊಡನೆ ನಿಲ್ಲಿಸಿದಳು.

“ಎರಡನೇ ಅಧ್ಯಾಯ?” ಎಂದು ಕೇಳಿದಳು.

“ಹೋಯ್ತು.”

“ಸರ್‌ಗೆ ಹೇಳೀರೇನು?”

“ಇಲ್ಲ. ಎಂಜಲು ಬೇಕಂತಲೇ ಹಾಕಿದೆ ಅಂತ ಸುಳ್ಳು ಹೇಳಿದೀನಿ. ನಾಳೆ ಬೆಳಿಗ್ಗೆ ಕಳಿಸ್ತಾರೆ. ನನ್ನ ಹೆಸರಲ್ಲಿ.”

ಸಾಯಿಪ್ರಿಯಾ ಹಾಳೆಯನ್ನು ಮಡಿಸಲಿಲ್ಲ, ಮರಳಿ ಕೊಡಲೂ ಇಲ್ಲ. “ಈಗ ಹೇಳ್ರಿ. ನಾ ಇಲ್ಲೇ ನಿಂತು ಕೇಳ್ತೀನಿ” ಎಂದಳು.

ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಾಗ ಸಹನಾಳ ಎದೆ ಡವಗುಟ್ಟುತ್ತಿತ್ತು, ಆದರೆ ಅದು ಬೆಳಿಗ್ಗೆ ಯಂತ್ರದ ಮುಂದೆ ಡವಗುಟ್ಟಿದ್ದಕ್ಕಿಂತ ಬೇರೆಯಾಗಿ ಅವಳಿಗೆ ತೋರಲಿಲ್ಲ. ಜಗನ್ಮೋಹನ್ ಸರ್ ಊಟಕ್ಕೆ ಕೂತಿದ್ದರು, ಹಿಂದೆ ತಟ್ಟೆಯ ಸದ್ದು. ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಬೇಕೆಂದು ಹಾಕಿದ್ದಲ್ಲ, ಮೂರು ವರ್ಷದಿಂದ ಹಾಕುತ್ತಿದ್ದೆ, ಬರೆದಿಡಲಿಲ್ಲ, ಎರಡನೆಯ ಅಧ್ಯಾಯದ ಪ್ರತಿ ಚಿತ್ರದಲ್ಲೂ ಅದೇ ಇದೆ. ಸಾಯಿಪ್ರಿಯಾ ಟ್ಯೂಬು ಅದಲು ಬದಲು ಮಾಡಿರಲಿಲ್ಲ. ಕೆಂಪು ಗೆರೆ ನನ್ನ ತಪ್ಪು. ತಟ್ಟೆಯ ಸದ್ದು ನಿಂತಿತು.

“ಬೆಳಿಗ್ಗೆ ಬೇಕಂತಲೇ ಮಾಡಿದೆ ಅಂದೆಯಲ್ಲಮ್ಮಾ?”

“ಸುಳ್ಳು ಹೇಳಿದೆ ಸರ್.”

“ಪ್ರಬಂಧ ವಾಪಸ್ ತಗೋಬೇಕಾಗುತ್ತೆ. ಎರಡು ವರ್ಷ ಹೋಗುತ್ತೆ ನಿನ್ನದು. ತಿಳೀತಾ?”

“ತಿಳೀತು ಸರ್.”

ತಿಳಿದಿತ್ತು. ಮೂವತ್ತಮೂರಕ್ಕೆ ಮತ್ತೆ ಅದೇ ಬೆಂಚು, ಅದೇ ಫ್ರಿಜ್ಜು, ತನಗಿಂತ ಚಿಕ್ಕವರ ಕಣ್ಣಲ್ಲಿ ಅದೇ ಪ್ರಶ್ನೆ. ಆದರೆ ಮೊಂಡು ಅಲ್ಲಾಡಿಲ್ಲ, ಅಲ್ಲಾಡಿಲ್ಲ ಎಂದು ಒಳಗೊಂದು ದನಿ ಕುಣಿಯುತ್ತಲೇ ಇತ್ತು; ಅದನ್ನು ಹಿಡಿಯುವುದಕ್ಕೆ ಎರಡು ವರ್ಷ ಬೇಕೇ ಬೇಕಲ್ಲವೇ ಎಂದೂ ಅದೇ ದನಿ ಹೇಳಿತು.

ಆಚೆಯಿಂದ “ಆ ಅಮ್ಮಾಯಿ ಎಲ್ಲಿದಾಳೆ ಈಗ?” ಎಂಬ ಪ್ರಶ್ನೆ ಬಂತು.

ಸಹನಾ ಫೋನನ್ನು ಕಟ್ಟೆಯ ಮೇಲೆ ಅವಳ ಕಡೆಗೆ ಸರಿಸಿದಳು. ಸಾಯಿಪ್ರಿಯಾ ನೀಲಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು, “ನಮಸ್ಕಾರಂ ಸರ್, ಸಾಯಿಪ್ರಿಯಾ” ಎಂದಳು. ಆಮೇಲೆ ತೆಲುಗಿನಲ್ಲಿ, ಯಾವ ಮುನ್ನುಡಿಯೂ ಇಲ್ಲದೆ, ಮೊಂಡಿನಿಂದ ಶುರು ಮಾಡಿದಳು. ಮೊದಲ ಎರಡು ಮಾತು ತಡವರಿಸಿದವು. ಮೂರನೆಯದರಿಂದ ದನಿ ಗಟ್ಟಿಯಾಯಿತು. ಅವಳ ಎಡಗೈ ಗಾಳಿಯಲ್ಲಿ ಉದ್ದದ್ದನ್ನೂ ಮೊಂಡನ್ನೂ ಗೀಚುತ್ತಿತ್ತು. ಅತ್ತ ಕಡೆಯಿಂದ ಸರ್, “ಅದು ಸರಿ, ಆದರೆ” ಎಂದು ಬಾಯಿ ಹಾಕಿದರು. ಸಹನಾ ಕಟ್ಟೆಯ ಮೇಲೆ ಕೂತು ತಲೆ ತಗ್ಗಿಸಿದಳು.

“ಒಕ್ಕ ನಿಮಿಷಂ ಸರ್” ಎಂದಳು ಸಾಯಿಪ್ರಿಯಾ. “ನನ್ನದಿನ್ನೂ ಮುಗಿದಿಲ್ಲ.”